ನಿರೀಕ್ಷೆಗೆ ತಕ್ಕ ಮುಖ

1-2-1987, ಭಾನುವಾರ
ಹಿಂದೂಪುರ

ಅವಮಾನ! ಹನ್ನೊಂದು ಊರುಗಳ ನಾಟಕದ ಅಟ್ಟದ ಮೇಲೆ ರಾಜಪಾರ್ಟು ಹಾಕಿ, ಮೈಕಿಲ್ಲದೆ ಎರಡು ಸಾವಿರ ಜನಕ್ಕೆ ಮಾತು ಮುಟ್ಟಿಸಿದ ಈ ವೆಂಕಟರಾಯಪ್ಪನನ್ನು ಇಂದು ಹದಿನೆಂಟು ಮಂದಿ ಕೂತ ಕೋಣೆಯಲ್ಲಿ ಬಾಯಿ ಮುಚ್ಚಿಸಿದರು. ಬಾಯಿ ಮುಚ್ಚಿಸಿದವನು ಸೇನಾಧಿಪತಿಯೂ ಅಲ್ಲ, ಮಂತ್ರಿಯೂ ಅಲ್ಲ. ಅನಂತಪುರದ ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಓಬುಳಪತಿ. ಕೈಯಲ್ಲಿ ಒಂದು ಭೂತಗನ್ನಡಿ, ಜೇಬಲ್ಲಿ ಒಂದು ಪೊಟ್ಟಣ ನಶ್ಯ.

ನಮ್ಮ ಹವ್ಯಾಸಿ ಫೋಟೋಗ್ರಾಫರುಗಳ ಸಂಘ ಮೂರು-ನಾಲ್ಕು ತಿಂಗಳಿಗೊಮ್ಮೆ ಸ್ಪರ್ಧೆ ನಡೆಸುತ್ತದೆ. ಈ ಸಲದ ವಿಷಯ 'ದಣಿವು'. ನಾನು ಗುಮಾಸ್ತನಾಗಿರುವ ಹುಣಸೆಹಣ್ಣಿನ ಮಂಡಿಯ ಹಮಾಲಿ ಓಬಣ್ಣನನ್ನು ಮೂಟೆಯ ಮೇಲೆ ಕೂರಿಸಿ, ಹಣೆಗೆ ಗ್ಲಿಸರಿನ್ ಹನಿ ಹಚ್ಚಿ, "ಲೋಕದ ಭಾರವೆಲ್ಲ ನಿನ್ನ ಹೆಗಲ ಮೇಲಿದೆ ಅಂದುಕೋ ಓಬಣ್ಣಾ" ಎಂದು ಹೇಳಿಕೊಟ್ಟು ತೆಗೆದ ಚಿತ್ರ ನನ್ನದು. ಎಂಥ ಅಭಿನಯ ಕೊಟ್ಟಿದ್ದ! ನೋಡಿದರೆ ಕಲ್ಲೂ ನಿಟ್ಟುಸಿರು ಬಿಡಬೇಕು.

ಓಬುಳಪತಿ ಮೇಷ್ಟ್ರು ಗಾಜು ಹಿಡಿದು ನೋಡಿದರು.

"ಏಮಯ್ಯಾ, ಈತನಿಗೆ ದಣಿವೇ ಆಗಿಲ್ವಲ್ಲ."

"ಆಗಿದೆ ಗುರುಗಳೇ! ಕಣ್ಣು ನೋಡಿ!"

"ಬೆವರು ನೋಡ್ತಾ ಇದೀನಿ. ಬೆವರು ಹರೀತದೆ. ಇದು ಹಚ್ಚಿದ ಜಾಗದಾಗೇ ಕೂತದೆ. ಇದು ದಣಿವಲ್ಲ, ದಣಿವಿನ ನಾಟಕ. ವಿಷಯದಿಂದ ಹೊರಗೆ."

ಹೊರಗೆ! ಜನ ನಕ್ಕರು. ಸಂಘದ ಕಾರ್ಯದರ್ಶಿ, ಸ್ಟುಡಿಯೋದ ಮುತ್ಯಾಲಪ್ಪ, ಪಾಪ, ನನ್ನ ಪರ ನಿಂತ. "ವಿಷಯ ಅಂದ್ರೆ ಒಂದು ಸುಳಿವು ಸಾರ್, ಅದನ್ನೇ ಬೇಲಿ ಮಾಡ್ಬಿಟ್ರೆ ಹೆಂಗೆ?" ಎಂದ. ಮೇಷ್ಟ್ರು ನಶ್ಯ ಏರಿಸಿ, "ಬೇಲಿ ಇಲ್ದಿದ್ರೆ ಎಲ್ಲಾರ ಕತ್ತೆನೂ ಒಳಗೆ ಬತ್ತದೆ" ಎಂದರು.

ಮುಂದಿನ ವಿಷಯವನ್ನೂ ಅಲ್ಲೇ ಘೋಷಿಸಿದರು: 'ನಿರೀಕ್ಷೆ'. ಏಪ್ರಿಲ್ ಮೂವತ್ತು ಕಡೆಯ ದಿನ.

ನಾನು ಮಾತಿನ ಮನುಷ್ಯ, ಆದರೂ ಇಲ್ಲಿ ಮಾತು ಕೊಡುತ್ತೇನೆ. ಮೊದಲ ಬಹುಮಾನದ ಆ ಪದಕ ನನ್ನ ಎದೆಗೆ ಬರದೆ ಈ ಪುಸ್ತಕ ಮುಗಿಯುವುದಿಲ್ಲ.

11-2-1987, ಬುಧವಾರ

ಕಲ್ಯಾಣದುರ್ಗದಿಂದ ಕಾಗದ. ಹೇಳಿದ್ದು ನರಸಕ್ಕ, ಬರೆದದ್ದು ಅವಳ ಮಗಳು ಆದಿಲಕ್ಷ್ಮಿ. ಎದ್ದು ನಿಂತು, ಪಾರ್ಟು ಒಪ್ಪಿಸುವಂತೆ ಗಟ್ಟಿಯಾಗಿ ಓದಿದೆ.

ಆದಿಗೆ ಗಂಡು ಒದಗಿದೆ. ಕಂಬದೂರಿನ ಬೈಲಪ್ಪನವರ ಮಗ, ಇಸ್ಕೂಲು ಮೇಷ್ಟ್ರು. ಬೇಕಾದವರೆಲ್ಲ ಒಪ್ಪಿದ್ದಾರೆ. ಇನ್ನು ಬೇಕಾಗಿರುವುದು ನಾನೊಬ್ಬ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಬೇರೆಯವರಿಗೆ ಕೊಡುವಾಗ ಮಾವನೇ ಎದ್ದು ನಿಂತು, ಗಂಡಿನ ತಂದೆಯ ಕೈಗೆ ಎಲೆಯಡಿಕೆ ಇಟ್ಟು, 'ನನ್ನ ಹಕ್ಕು ಬಿಟ್ಟೆ, ಹುಡುಗಿ ನಿಮ್ಮದು' ಎನ್ನಬೇಕು. ಮಾವನಿಗೆ ಮದುವೆಯಾಗಿ ಹದಿನೈದು ವರ್ಷವಾಗಿರಲಿ, ತಲೆ ನೆರೆತಿರಲಿ, ಶಾಸ್ತ್ರ ಶಾಸ್ತ್ರವೇ. ಭಾವ ತೀರಿಹೋಗಿ ಎಂಟು ವರ್ಷ. ಆ ಮನೆಗೆ ಗಂಡಸಿನ ಮಾತು ಎಂದರೆ ನನ್ನದೇ.

ಕೊನೆಯಲ್ಲಿ ಆದಿ ತಾನೇ ಒಂದು ಸಾಲು ಸೇರಿಸಿದ್ದಾಳೆ: 'ಮಾವ, ತಪ್ಪದೆ ಬಾ. ನನಗೂ ಒಪ್ಪಿಗೆ ಇದೆ. ಇದನ್ನು ಅಮ್ಮನಿಗೆ ಓದಿ ಹೇಳಿಲ್ಲ.'

ಓ ನರಸಕ್ಕ! ಅವ್ವ ಸತ್ತಾಗ ನನಗೆ ಮೂರು ವರ್ಷ, ನಿನಗೆ ಹನ್ನೆರಡು. ನನ್ನನ್ನು ಸೊಂಟದಲ್ಲಿ ಎತ್ತಿಕೊಂಡು ನಾಟಕಕ್ಕೆ ಹೋಗುತ್ತಿದ್ದವಳು ನೀನು. ಅಪ್ಪ ಹಾರ್ಮೋನಿಯಂ ಮುಂದೆ ಕೂತಿರುತ್ತಿದ್ದ. ನೀನು ನಿದ್ದೆ ಕೆಟ್ಟು ನನ್ನ ಬಾಯಿಗೆ ಅವಲಕ್ಕಿ ಹಾಕುತ್ತಿದ್ದೆ. ನಿನಗೆ ನಾನು ಬಾರದೆ ಇರುತ್ತೇನೆಯೇ? ಈ ದೇಹ ಮಣ್ಣಾದರೂ ಆ ಎಲೆಯಡಿಕೆಗೆ ಕೈ ಎದ್ದುಬರುತ್ತದೆ!

ಉತ್ತರ ಬರೆದು ಹಾಕಿದೆ. ಇಷ್ಟನ್ನೂ ಬರೆದೆ.

1-3-1987, ಭಾನುವಾರ

ಸಂಘದ ಸಭೆ. 'ನಿರೀಕ್ಷೆ'ಗೆಂದು ತೆಗೆದ ಚಿತ್ರಗಳನ್ನು ದಾರಕ್ಕೆ ಕ್ಲಿಪ್ಪು ಹಾಕಿ ತೂಗಿಸಿ ಎಲ್ಲರೂ ಮಾತಾಡುವುದು. ಓಬುಳಪತಿ ಮೇಷ್ಟ್ರು ನಡುವೆ.

ಒಬ್ಬ ಒಣಗಿದ ಕೆರೆ ತಂದಿದ್ದ. 'ಮಳೆಯ ನಿರೀಕ್ಷೆ'.

"ಕೆರೆ ಕಾಯ್ತದೇನಯ್ಯಾ? ಕೆರೆಗೆ ಕಣ್ಣದೆಯಾ?" ಎಂದರು ಮೇಷ್ಟ್ರು. "ಕಾಯೋದು ನೀನು. ಹಂಗಾದ್ರೆ ನಿನ್ ಫೋಟೋ ತಗಂಬಾ."

ಬ್ಯಾಂಕಿನ ಕೇಶವಯ್ಯ ಮಟನ್ ಅಂಗಡಿಯ ಮುಂದೆ ಕೂತ ನಾಯಿಯನ್ನು ತಂದಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಮೇಷ್ಟ್ರು ನಗಲಿಲ್ಲ, ಅದನ್ನು ಪಕ್ಕಕ್ಕಿಟ್ಟರು.

ನನ್ನದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೊಡೆ ಹಿಡಿದು ಕೂತ ಮುದುಕ. ನಾಟಕವಿಲ್ಲ, ಹೇಳಿಕೊಟ್ಟದ್ದಿಲ್ಲ, ಕದ್ದು ತೆಗೆದದ್ದು.

"ಈತ ಯಾರಿಗೆ ಕಾಯ್ತಾ ಅವ್ನೆ?"

"ಬಸ್ಸಿಗೆ, ಗುರುಗಳೇ."

"ಕೇಳಿದ್ಯಾ?"

ಕೇಳಿರಲಿಲ್ಲ. ಮುತ್ಯಾಲಪ್ಪನೇ ಬಾಯಿ ಹಾಕಿದ: "ಅವ್ನು ನಮ್ ಬೀದಿಯೋನು ಸಾರ್. ಮನ್ಯಾಗೆ ಸೊಸೆ ಬೈತಾಳಂತ ದಿನಾ ಅಲ್ಲಿ ಬಂದು ಕುಂತ್ಕಂತಾನೆ."

ನಗು! ಆದರೆ ಇಂದು ನನಗೆ ಕೋಪ ಬರಲಿಲ್ಲ, ಇದನ್ನು ಬರೆದಿಡಬೇಕು. ಮೇಷ್ಟ್ರು ಹೇಳಿದ ಮಾತು ಎದೆಯೊಳಗೆ ಘಂಟೆ ಹೊಡೆದಂತೆ ಹೊಡೆಯಿತು: "ವಿಷಯ ಕೆಳಗೆ ಬರೆದ ಹೆಸರಿನಾಗಿರಬಾರದು, ಮುಖದಾಗಿರಬೇಕು. ಕಾಯೋರಿಗೆ ಬರೋರು ಇರಬೇಕು. ಬತ್ತಾರೆ ಅನ್ನೋ ನಂಬಿಕೆ ಇರಬೇಕು. ಆ ನಂಬಿಕೆ ಸವೀತಾ ಇರೋದು ಕಾಣಬೇಕು. ಅಷ್ಟು ಇದ್ರೆ ಮಾತ್ರ ನಿರೀಕ್ಷೆ."

ನಿಜ. ಮುತ್ಯಾಲಪ್ಪನಂಥವರು ಬೇಲಿ ಬೇಡವೆನ್ನುತ್ತಾರೆ, ಏಕೆಂದರೆ ಅವರಿಗೆ ದಾಟುವ ತಾಕತ್ತಿಲ್ಲ.

15-3-1987, ಭಾನುವಾರ

ಎರಡು ವಾರ, ಎರಡು ರೋಲು. ಆಸ್ಪತ್ರೆಯ ಗೇಟು: ಅಲ್ಲಿ ಕಾಯುವವರು ಕಾಯುವುದಿಲ್ಲ, ಹೆದರಿರುತ್ತಾರೆ. ಅದು ಭಯ, ಬೇರೆ ವಿಷಯ. ರೇಷನ್ ಅಂಗಡಿಯ ಸಾಲು: ಅದು ಬೇಸರ. ಶಾಲೆಯ ಬಾಗಿಲಲ್ಲಿ ತಾಯಂದಿರು: ಹರಟೆ. ಎಲ್ಲವನ್ನೂ ನಾನೇ ಹರಿದೆ. ಮೇಷ್ಟ್ರ ಗಾಜಿಗೆ ಕೊಡುವ ಮೊದಲೇ ನನ್ನ ಕಣ್ಣೇ ಗಾಜಾಗಿದೆ.

ಮುತ್ಯಾಲಪ್ಪನ ಉದ್ದ ಲೆನ್ಸನ್ನು ಎರವಲು ತಂದಿದ್ದೇನೆ. ಬೀದಿಯ ಆ ತುದಿಯ ಮನುಷ್ಯನ ಹುಬ್ಬಿನ ಕೂದಲು ಎಣಿಸಬಹುದು. ನಾಟಕದಲ್ಲಿ ಕಡೆಯ ಸಾಲಿನವನಿಗೆ ಮುಖ ಕಾಣಲೆಂದು ನಾವು ಬಣ್ಣ ದಪ್ಪಗೆ ಬಳಿಯುತ್ತಿದ್ದೆವು. ಇದಕ್ಕೆ ಬಣ್ಣವೇ ಬೇಡ.

21-3-1987, ಶನಿವಾರ

ಪರೀಕ್ಷೆ ಮಾಡಿದೆ. ಹೆಂಡತಿ ಪೋಲಮ್ಮನಿಗೆ ಒಂದು ಗಂಟೆಗೆ ಊಟಕ್ಕೆ ಬರುತ್ತೇನೆಂದು ಹೇಳಿ, ಎದುರು ಮನೆಯ ಮಾಳಿಗೆ ಹತ್ತಿ ಕೂತೆ. ಲೆನ್ಸು ನಮ್ಮ ಬಾಗಿಲಿಗೆ. ಒಂದೂಕಾಲಿಗೆ ಹೊರಗೆ ಬಂದು ನೋಡಿದಳು. ಒಂದೂವರೆಗೆ ಇನ್ನೊಮ್ಮೆ. ಎರಡಕ್ಕೆ ತಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತು ತಾನೇ ಉಂಡುಬಿಟ್ಟಳು!

ಇಳಿದು ಹೋಗಿ ಕೇಳಿದೆ.

"ಹೊಟ್ಟೆ ಹಸೀತು, ಉಂಡೆ. ನಿಂಗೇನಯ್ಯಾ ಬಂತು? ಮಾಳ್ಗೆ ಮ್ಯಾಲೆ ಕುಂತು ಹೆಂಡ್ತೀನ ಇಣುಕಿ ನೋಡೋಕೆ ನಾಚ್ಕೆ ಆಗಾಕಿಲ್ವಾ?"

"ನೋಡಿದ್ದೆಯಾ?"

"ಬೀದಿಗೆ ಬೀದಿನೇ ನೋಡ್ತಾ ಇತ್ತು. ಎದುರುಮನೆ ಪೆದ್ದಕ್ಕ, 'ಏನಮ್ಮಾ, ನಿನ್ ಗಂಡ ನಮ್ ಮಾಳ್ಗೆ ಮ್ಯಾಲೆ ಹಪ್ಳ ಒಣಗ್ಸಾಕೆ ಬಂದವ್ನಾ' ಅಂದ್ಳು."

ಇನ್ನೆರಡು ದಿನ ಅವಳೊಡನೆ ಮಾತಿಲ್ಲ. ಆದರೆ ಪಾಠ ಕಲಿತೆ. ಒಂದು ಊಟಕ್ಕೆ ಯಾರು ಕಾಯುತ್ತಾರೆ? ಬರುವವನು ಬಾರದಿದ್ದರೆ ಕಾಯುವವರ ಕೈಯಿಂದ ಏನೋ ಜಾರಿಹೋಗಬೇಕು. ಆಗ ಮಾತ್ರ ಮುಖಕ್ಕೆ ಬರುತ್ತದೆ.

8-4-1987, ಬುಧವಾರ

ಕಲ್ಯಾಣದುರ್ಗದ ಕಾಗದ. ಒಪ್ಪುತಾಂಬೂಲಕ್ಕೆ ದಿನ ನಿಂತಿದೆ: ಏಪ್ರಿಲ್ ಇಪ್ಪತ್ತಮೂರು, ಗುರುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯೊಳಗೆ. 'ಮೊದಲ ಬಸ್ಸಿಗೆ ಬಾ. ನಾನೇ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತೇನೆ. ಬೈಲಪ್ಪನೋರು ನಿನ್ನ ಬಗ್ಗೆ ಎರಡು ಸಲ ಕೇಳಿದರು. ಮಾವ ಬಾರದೆ ಎಲೆ ಮುಟ್ಟುವುದಿಲ್ಲವಂತೆ.'

ನಾನೇ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತೇನೆ.

ಈ ಸಾಲನ್ನು ನಾಲ್ಕು ಸಲ ಓದಿದೆ. ಕಲ್ಯಾಣದುರ್ಗದ ನಿಲ್ದಾಣ ನನಗೆ ಗೊತ್ತು. ಎದುರಿಗೆ ಒಂದು ಲಾಡ್ಜು ಇದೆ, ಮೊದಲ ಮಹಡಿಗೆ ಮರದ ಕಟಕಟೆಯ ಪಡಸಾಲೆ. ಬೆಳಿಗ್ಗೆ ಬಿಸಿಲು ನಿಲ್ದಾಣದ ಕಡೆಯಿಂದ ಬರುತ್ತದೆ, ಹತ್ತರ ಮೇಲೆ ಸರಿಹೋಗುತ್ತದೆ.

ಏನೂ ತಪ್ಪಿಲ್ಲ. ಹಿಂದಿನ ದಿನವೇ ಹೋಗಿ ಲಾಡ್ಜಿನಲ್ಲಿ ಉಳಿದು, ಒಂದು ಬಸ್ಸಿನಷ್ಟು ಹೊತ್ತು ಚಿತ್ರ ತೆಗೆದು, ಇಳಿದುಹೋಗಿ "ಅಕ್ಕಾ!" ಎಂದರಾಯಿತು. ನಗುತ್ತಾಳೆ. ಎಲೆಯಡಿಕೆಯೂ ಆಯಿತು, ಚಿತ್ರವೂ ಆಯಿತು. ಒಂದೇ ಅಂಕದಲ್ಲಿ ಎರಡು ಪ್ರವೇಶ.

22-4-1987, ಬುಧವಾರ
ಕಲ್ಯಾಣದುರ್ಗ

ಸಂಜೆ ಬಂದಿಳಿದೆ. ತಲೆಗೆ ವಲ್ಲಿ ಸುತ್ತಿಕೊಂಡಿದ್ದರಿಂದ ಯಾರೂ ಗುರುತಿಸಲಿಲ್ಲ. ಕಟಕಟೆಯ ಮೇಲೆ ಲೆನ್ಸು ಇಟ್ಟು ನೋಡಿದೆ. ಹುಣಸೆಮರದ ಬುಡ, ಟಿಕೇಟು ಕಿಟಕಿ, ಬಸ್ಸು ನಿಲ್ಲುವ ಜಾಗ, ಎಲ್ಲ ಅಂಗೈಯಲ್ಲಿದೆ. ಒಂದು ರೋಲು, ಮೂವತ್ತಾರು.

ಅಕ್ಕನ ಮನೆ ಎರಡು ಬೀದಿಯಾಚೆ. ಅಲ್ಲಿ ಈಗ ಆದಿಯ ಕೈಗೆ ಗೋರಂಟಿ ಹಚ್ಚುತ್ತಿರಬಹುದು. ನನಗೆ ಉಪ್ಪಿಟ್ಟು ತಂದುಕೊಟ್ಟರು, ಉಪ್ಪೇ ಇರಲಿಲ್ಲ.

23-4-1987, ಗುರುವಾರ
ಪೆನುಗೊಂಡ ಬಸ್ ನಿಲ್ದಾಣ, ಸಂಜೆ

ಬದಲಿ ಬಸ್ಸು ಬರುವವರೆಗೆ ಎಲ್ಲವನ್ನೂ ಬರೆದುಬಿಡುತ್ತೇನೆ.

ಒಂಬತ್ತೂವರೆಗೆ ಅಕ್ಕ ಬಂದಳು. ಅವಳ ಮದುವೆಯ ಸೀರೆ, ಅರಿಶಿನ ಬಣ್ಣದ್ದು. ಕಪ್ಪು-ಬಿಳುಪಿನಲ್ಲಿ ಅದು ಚೆನ್ನಾಗಿ ಬರುತ್ತದೆ. ಮೊದಲ ಬಸ್ಸು ಬಂತು. ಓಡಿಹೋಗಿ ಒಂದೊಂದೇ ಕಿಟಕಿ ನೋಡಿದಳು, ನಗುನಗುತ್ತ. ಎಂಟು ಫೋಟೋ ತೆಗೆದೆ. ಲೆನ್ಸು ಇಳಿಸಿ, ಮೆಟ್ಟಿಲವರೆಗೂ ಹೋದೆ. ಸತ್ಯವಾಗಿ ಹೋದೆ. ಆಗ ಮೇಷ್ಟ್ರ ಧ್ವನಿ ಕಿವಿಯಲ್ಲೇ ಕೇಳಿತು: ಇದು ನಿರೀಕ್ಷೆಯಲ್ಲ, ಸಂಭ್ರಮ. ವಿಷಯದಿಂದ ಹೊರಗೆ.

ವಾಪಸು ಬಂದು ಕೂತೆ. ಇನ್ನೊಂದು ಬಸ್ಸು.

ಹತ್ತೂಕಾಲಿಗೆ ಎರಡನೆಯದು. ಕೆಳಗಿಳಿದವರನ್ನೆಲ್ಲ ನೋಡಿ, ಕಂಡಕ್ಟರನನ್ನು ಏನೋ ಕೇಳಿದಳು. ಅವನು ಕೈಯಾಡಿಸಿದ. ಅವಳ ಹುಬ್ಬು ಗಂಟಾಯಿತು. ಇದು ಕೋಪ. ಐದು ಫೋಟೋ, ಒಂದೂ ಸರಿಯಿಲ್ಲ.

ಹನ್ನೊಂದಕ್ಕೆ ಮೂರನೆಯದು. ಈಗ ಓಡಲಿಲ್ಲ, ನಡೆದಳು. ಅಷ್ಟರಲ್ಲಿ ಪಕ್ಕದ ಮನೆಯ ಕದಿರಣ್ಣ ಬಂದ, ಕಂಬದೂರಿಗೆ ಜೀಪು ಓಡಿಸುವವನು. ಏನೋ ಹೇಳಿದ, ಮನೆಯ ಕಡೆ ಕೈ ತೋರಿಸಿದ. ಅಕ್ಕ ತಲೆಯಾಡಿಸಿ ರಸ್ತೆಯ ಕಡೆ ಬೆರಳು ಮಾಡಿದಳು. ಬತ್ತಾನೆ, ಬಂದೇ ಬತ್ತಾನೆ. ತುಟಿ ಓದಲು ನನಗೆ ಬರುತ್ತದೆ. ಮೂಕನಾಟಕದಲ್ಲಿ ಇಂಥ ನಟಿ ಸಿಗುವುದಿಲ್ಲ, ಏಕೆಂದರೆ ಇಲ್ಲಿ ನಟನೆಯೇ ಇಲ್ಲ.

ಹನ್ನೆರಡಕ್ಕೆ ಬರಬೇಕಾದ್ದು ಹನ್ನೆರಡೂ ಇಪ್ಪತ್ತಕ್ಕೆ ಬಂತು. ಆಗ, ಆಗ ಬಂತು ಆ ಮುಖ! ಇಳಿಯುತ್ತಿದ್ದವರನ್ನು ಅವಳು ನೋಡುತ್ತಲೇ ಇರಲಿಲ್ಲ, ಎಣಿಸುತ್ತಿದ್ದಳು. ಕಡೆಯವನು ಇಳಿದ ಮೇಲೂ ಖಾಲಿ ಬಾಗಿಲನ್ನು ನೋಡುತ್ತ ನಿಂತಳು, ಒಳಗೆ ಇನ್ನೊಬ್ಬ ಇರಬಹುದೆಂಬಂತೆ. ಮೈಯೆಲ್ಲ ಝುಮ್ಮೆಂದಿತು ನನಗೆ. ನಡುವೆ ಇದ್ದದ್ದು ಒಂದು ರಸ್ತೆ. ನನ್ನ ಗಂಟಲಿಗೆ ಅದು ಯಾವ ಲೆಕ್ಕ? "ಅಕ್ಕಾ" ಎಂದು ಒಂದು ಸಲ ಅಂದಿದ್ದರೆ ಸಾಕಿತ್ತು. ಆದರೆ ಮುಖ ಬದಲಾಗಿಬಿಡುತ್ತಿತ್ತು.

ಹನ್ನೆರಡು ಮುಕ್ಕಾಲಿಗೆ ಬೈಲಪ್ಪನವರ ಕಡೆಯವರು ಕದಿರಣ್ಣನ ಜೀಪಿನಲ್ಲಿ ಅದೇ ರಸ್ತೆಯಲ್ಲಿ ಹೋದರು. ಅಕ್ಕ ಅಡ್ಡ ಬಂದು ಜೀಪಿನ ಕಂಬಿ ಹಿಡಿದುಕೊಂಡಳು. ಪೇಟ ಕಟ್ಟಿದ ಮುದುಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಮೆತ್ತಗೆ, ಬೈಯದೆ. ಜೀಪು ಹೋಯಿತು. ಅದನ್ನೂ ತೆಗೆದೆ, ಆದರೆ ಅದು ಬೇರೆ ವಿಷಯ.

ಮೂವತ್ತೈದಾಗಿತ್ತು. ಒಂದು ಉಳಿದಿತ್ತು. ನಿಲ್ದಾಣ ಖಾಲಿ. ಅವಳೊಬ್ಬಳು. ನೆತ್ತಿಯ ಬಿಸಿಲಿಗೆ ಕಣ್ಣಿನ ಗುಳಿಯೆಲ್ಲ ಕಪ್ಪಾಗಿ, ಚಿತ್ರ ಕೆಡುತ್ತದಲ್ಲ ಎಂದುಕೊಳ್ಳುತ್ತಿದ್ದೆ. ದೈವ! ತಾನಾಗಿ ತಿರುಗಿ ಈ ಕಡೆ ಮುಖವೆತ್ತಿದಳು. ಬೆಳಕು ಕಣ್ಣಿನೊಳಗೆ ಇಳಿಯಿತು. ಅಲುಗದೆ ನಿಂತಳು, ಎಷ್ಟೋ ಹೊತ್ತು. ಒತ್ತಿದೆ.

ಆಮೇಲೆ ಹೋಗಿ ಏನು ಹೇಳುವುದು? ಮುಹೂರ್ತ ಮೀರಿತ್ತು. ಹಿಂದಿನ ಮೆಟ್ಟಿಲಿಂದ ಇಳಿದು, ಊರಾಚೆಯವರೆಗೆ ನಡೆದು ಪೆನುಗೊಂಡದ ಬಸ್ಸು ಹತ್ತಿದೆ.

24-4-1987, ಶುಕ್ರವಾರ

ಅಕ್ಕನಿಗೆ ಕಾಗದ ಬರೆದೆ. ದಾರಿಯಲ್ಲಿ ಬಸ್ಸಿನ ಅಚ್ಚು ಮುರಿಯಿತೆಂದು. ಎರಡು ಪುಟ. ಕೊನೆಗೆ ನನಗೇ ಅಚ್ಚು ಮುರಿದ ಸದ್ದು ಕೇಳಿಸಿತು.

26-4-1987, ಭಾನುವಾರ

ಮುತ್ಯಾಲಪ್ಪನ ಕತ್ತಲೆ ಕೋಣೆ. ಕೆಂಪು ದೀಪದಡಿ, ಔಷಧಿಯ ನೀರಿನಲ್ಲಿ ಮೂವತ್ತಾರನೆಯದು ಮೆಲ್ಲಗೆ ಎದ್ದುಬಂತು. ಮೊದಲು ಸೀರೆಯ ಅಂಚು, ಆಮೇಲೆ ಕಣ್ಣು.

ಮುತ್ಯಾಲಪ್ಪ ಅದನ್ನು ಚಿಮಟದಲ್ಲಿ ಎತ್ತಿ ದೀಪಕ್ಕೆ ಹಿಡಿದ.

"ಯಾರಣ್ಣಾ ಈವಮ್ಮ?"

"ಯಾರೋ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು."

"ಈವಮ್ಮಂದು ಏನೋ ಹೋಗ್ಬುಟ್ಟದೆ ಕಣಣ್ಣಾ."

ಅವನಿಗೂ ಮುಟ್ಟಿತು! ಬೇಲಿ ಬೇಡವೆಂದವನಿಗೂ! ಹತ್ತು-ಹನ್ನೆರಡು ಇಂಚಿನ ಅಳತೆಗೆ ದೊಡ್ಡದು ಮಾಡಿಸಿದೆ.

3-5-1987, ಭಾನುವಾರ

ಚಿತ್ರ ಗುರುವಾರವೇ ಸಂಘಕ್ಕೆ ಸೇರಿದೆ. ಇಂದು ಕದಿರಣ್ಣ ಜೀಪಿನ ಸಾಮಾನಿಗೆಂದು ಹಿಂದೂಪುರಕ್ಕೆ ಬಂದವನು ಮನೆಗೆ ಬಂದ. ಪೋಲಮ್ಮ ಕೊಟ್ಟ ಮಜ್ಜಿಗೆ ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಮಾತಾಡಿದ.

"ರಾಯಪ್ಪಣ್ಣ, ನೀನು ಬರ್ಲಿಲ್ಲ ಅಂದ್ರೆ ಅವ್ರು ಏನಂದ್ಕಂಡ್ರು ಗೊತ್ತಾ? ಮಾವ ಹಕ್ಕು ಬಿಟ್ಟಿಲ್ಲ, ತಾನೇ ಎರಡನೇದು ಮಾಡ್ಕಂತಾನೆ ಅಂತ. ಬೈಲಪ್ಪನೋರು ಜೀಪಿನಾಗೆ ಬಾಯಿಬಿಟ್ಟು ಅಂದ್ರು: 'ನಾಳೆ ಆವಯ್ಯ ಬಂದು ನನ್ನ ಹುಡ್ಗಿ ಅಂತ ನಮ್ ಬಾಗ್ಲಾಗೆ ಕುಂತ್ರೆ ಏನ್ ಮಾಡಾನ? ಹಕ್ಕಿರೋ ಹೆಣ್ಣು ನಮಗೆ ಬ್ಯಾಡಪ್ಪ' ಅಂತ. ಊರಾಗೆಲ್ಲಾ ಅದೇ ಮಾತು. ಹುಡ್ಗಿ ನೀರು ಸೇದಾಕೂ ಹೊರಗೆ ಬರ್ತಾ ಇಲ್ಲ."

"ಥೂ! ಎಂಥ ಮಾತು! ನಾನು ಹೋಗಿ ಹೇಳುತ್ತೇನೆ, ಕಂಬದೂರಿನ ನಡುಬೀದಿಯಲ್ಲಿ ನಿಂತು ಹೇಳುತ್ತೇನೆ!"

"ಈಗ ಹೋದ್ರೆ ಜಗಳಕ್ಕೆ ಬಂದ ಅಂತಾರೆ. ಅವ್ರು ಆಗ್ಲೇ ಬ್ಯಾರೆ ಕಡೆ ನೋಡ್ಬುಟ್ರು."

ಪೋಲಮ್ಮ ಕೇಳಿದಳು: "ಬಸ್ಸು ಅಚ್ಚು ಮುರೀತು ಅಂತ ಅಕ್ಕಂಗೆ ಕಾಗ್ದ ಹೋಯ್ತಲ್ಲ?"

ಕದಿರಣ್ಣ ನನ್ನ ಮುಖ ನೋಡಿದ. "ಹೂಂ. ಆದಿ ಓದಿ ಹೇಳಿದ್ಲು. ಅಕ್ಕ ಕೇಳ್ಕಂಡು, 'ಚೆನ್ನಾಗಿ ಬರೆದವ್ನೆ' ಅಂದ್ಲು."

ಬರವಣಿಗೆಯ ಗುಣ ಅಕ್ಕನಿಗೆ ಮೊದಲಿಂದಲೂ ತಿಳಿಯುತ್ತದೆ. ಫಲಿತಾಂಶಕ್ಕೆ ಇನ್ನು ಎರಡು ವಾರ.

17-5-1987, ಭಾನುವಾರ

ಅನ್ಯಾಯ. ಅನ್ಯಾಯ. ಅನ್ಯಾಯ.

ಮೊದಲ ಬಹುಮಾನ ನಾಯಿಗೆ! ಕೇಶವಯ್ಯನ ಮಟನ್ ಅಂಗಡಿಯ ನಾಯಿಗೆ! "ನಾಯಿ ಕಾಯ್ತಾ ಅದೆ. ಮೂಳೆ ಬತ್ತದೆ ಅಂತ ನಂಬ್ಕಂಡದೆ. ವಿಷಯ ಪೂರ್ತಿಯಾಗಿ ಒಳಗದೆ" ಎಂದರು ಓಬುಳಪತಿ ಮೇಷ್ಟ್ರು.

ಆಮೇಲೆ ನನ್ನದನ್ನು ಎತ್ತಿ ಹಿಡಿದರು.

"ಈ ಸಲ ಬಂದ ಚಿತ್ರಗಳಾಗೆ ಇಷ್ಟು ನಿಜವಾದ ಮುಖ ಇನ್ನೊಂದಿಲ್ಲ. ಆದ್ರೆ ಬಹುಮಾನ ಕೊಡಾಕಾಗಲ್ಲ. ವಿಷಯ ನಿರೀಕ್ಷೆ. ಈಕೆ ಕಾಯ್ತಾ ಇಲ್ಲ. ಕಾಯೋದು ಮುಗಿದದೆ. ಯಾರಿಗೆ ಕಾಯ್ತಾ ಇದ್ಳೋ ಆ ಮನುಷ್ಯನ್ನ ಕಂಡ್ಬುಟ್ಟವ್ಳೆ."

ನಾನು ಎದ್ದು ನಿಂತೆ. ಸೂರು ನಡುಗುವಂತೆ ಗುಡುಗಿದೆ: "ಇಲ್ಲ ಗುರುಗಳೇ! ಅವಳು ನೋಡಿದ್ದು ಸೂರ್ಯನನ್ನು!"

"ಸೂರ್ಯನ್ನ ನೋಡೋರು ಕಣ್ಣು ಕಿರಿದು ಮಾಡ್ತಾರೆ ಕಣಯ್ಯಾ. ಈಕೆ ಅಗಲ ಮಾಡವ್ಳೆ."

"ವಿಷಯವನ್ನು ಇಷ್ಟು ಬಿಗಿಯಾಗಿ ಹಿಡಿದರೆ ಕಲೆ ಉಸಿರಾಡುವುದು ಹೇಗೆ? ಬೆಳಗಿನಿಂದ ನಿಂತಿದ್ದಾಳೆ ಆಕೆ! ನಾಲ್ಕು ಬಸ್ಸು ನೋಡಿದ್ದಾಳೆ! ಅದು ಲೆಕ್ಕಕ್ಕಿಲ್ಲವೇ?"

ಮೇಷ್ಟ್ರು ಗಾಜು ಕೆಳಗಿಟ್ಟರು. "ನಾಲ್ಕು ಬಸ್ಸಾ? ನಿನಗೆ ಹೆಂಗೆ ಗೊತ್ತಯ್ಯಾ?"

ಆ ಪ್ರಶ್ನೆಗೂ ಸ್ಪರ್ಧೆಗೂ ಏನು ಸಂಬಂಧ? ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಹಿಂದೆ ಬಂದ ಮುತ್ಯಾಲಪ್ಪ ಚಿತ್ರವನ್ನು ನನ್ನ ಕೈಗೆ ಕೊಟ್ಟು, ತನ್ನ ಲೆನ್ಸು ವಾಪಸು ಬೇಕೆಂದ. ಇನ್ನು ಮುಂದೆ ಕೊಡಲಾಗುವುದಿಲ್ಲವೆಂದ.

ಮನೆಯಲ್ಲಿ ನಾನೇ ಗಾಜು ಹಿಡಿದು ನೋಡಿದೆ. ಮೇಷ್ಟ್ರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ದೃಷ್ಟಿ ನೇರವಾಗಿ ಲೆನ್ಸಿನೊಳಗೇ ಬಿದ್ದಿದೆ. ಇದು ಚಿತ್ರದ ದೋಷವಲ್ಲ, ನಾನು ನಿಂತ ಜಾಗದ ದೋಷ. ಲಾಡ್ಜಿನ ಪಡಸಾಲೆಯ ಎಡಗಡೆಯ ಕಂಬದ ಹಿಂದೆ ನಿಂತಿದ್ದರೆ ಮೊದಲ ಬಹುಮಾನ ನನ್ನದೇ.

12-6-1987, ಶುಕ್ರವಾರ

ನಿನ್ನೆ ಕಲ್ಯಾಣದುರ್ಗದಲ್ಲಿ ಆದಿಯ ಮದುವೆಯಾಯಿತು. ನನಗೆ ಲಗ್ನಪತ್ರಿಕೆ ಬಂದಿರಲಿಲ್ಲ. ಪೋಸ್ಟಿನವರ ಕೆಲಸ ಹೀಗೆಯೇ. ಕದಿರಣ್ಣನ ಜೀಪಿನವರಿಂದ ಗೊತ್ತಾಗಿ ನಾನೇ ಹೊರಟೆ. ಪೋಲಮ್ಮ, "ನಾ ಬರಾಕಿಲ್ಲ. ಆ ಅಕ್ಕನ ಮುಂದೆ ಯಾವ ಮುಖ ಇಟ್ಕಂಡು ನಿಂತ್ಕಳ್ಳಿ?" ಎಂದಳು. ಹೆಂಗಸರಿಗೆ ಬಿಂಕ ಹೆಚ್ಚು.

ಗಂಡು ಗೋರಂಟ್ಲದವನು. ಕಬ್ಬಿಣದ ಅಂಗಡಿ ಇದೆ. ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಎರಡು ಹೆಣ್ಣುಮಕ್ಕಳು. ದೊಡ್ಡವಳು ಆದಿಯ ಭುಜದವರೆಗೆ ಬರುತ್ತಾಳೆ. ಗಂಡಿನ ತಲೆಯಲ್ಲಿ ಬಣ್ಣ ಹಾಕಿದ್ದು ಕಿವಿಯ ಹತ್ತಿರ ಇಳಿದಿತ್ತು, ಫೋಟೋದಲ್ಲಿ ಕಾಣದಂತೆ ನೋಡಿಕೊಂಡೆ.

ಚಪ್ಪರದ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನಾನು ಕೈಯಗಲಿಸಿ, "ಅಕ್ಕಾ! ನಿನ್ನ ತಮ್ಮ ಬಂದಿದ್ದಾನೆ!" ಎಂದೆ. ಚಪ್ಪರವೆಲ್ಲ ತಿರುಗಿ ನೋಡಿತು. ಗಂಟಲು ಇನ್ನೂ ಹೋಗಿಲ್ಲ.

ಅಕ್ಕ ನನ್ನ ಹೆಗಲಿನ ಚೀಲ ನೋಡಿದಳು. "ಕ್ಯಾಮರಾ ತಂದಿದ್ದೀಯಾ?"

"ತಂದಿದ್ದೀನಿ ಅಕ್ಕಾ."

"ಸರಿ. ಹಂಗಾರೆ ದೂರದಾಗೆ ನಿಂತ್ಕಳಪ್ಪ. ನಿಂಗೆ ದೂರದಿಂದ್ಲೇ ಚೆನ್ನಾಗಿ ಕಾಣೋದು."

ನನಗೆ ಕಣ್ಣು ತುಂಬಿತು. ಮನೆಯವರಲ್ಲಿ ಒಬ್ಬರಾದರೂ ನನ್ನ ಕಲೆಯನ್ನು ಅರ್ಥ ಮಾಡಿಕೊಂಡರಲ್ಲ!

ಎಲೆಯಡಿಕೆ ಕೊಡುವ ಹೊತ್ತಿಗೆ ನಾನು ಮುಂದೆ ಸರಿದೆ. ಅಷ್ಟರಲ್ಲಿ ಕದಿರಣ್ಣ ಎದ್ದುಬಿಟ್ಟ. ಮಾವನ ಜಾಗದಲ್ಲಿ ನಿಂತು, "ಹಕ್ಕು ಬಿಟ್ಟೆ, ಹುಡ್ಗಿ ನಿಮ್ಮದು" ಎಂದ. ಜೀಪು ಓಡಿಸುವವನಿಗೆ ಮಾತಿನ ಏರಿಳಿತ ತಿಳಿಯದು, ನಾಲ್ಕನೆಯ ಸಾಲಿಗೂ ಕೇಳಿಸಲಿಲ್ಲ. ಆದಿ ಮಾತ್ರ ತಲೆ ಎತ್ತಿ ಅವನನ್ನು ನೋಡಿ ಕೈ ಮುಗಿದಳು. ಆ ಗಳಿಗೆ ಸಿಕ್ಕಿತು.

ಕೊನೆಗೆ ಮನೆಯವರೆಲ್ಲರ ಚಿತ್ರ. ಕದಿರಣ್ಣ, "ರಾಯಪ್ಪಣ್ಣನೂ ಒಳಗೆ ಬರ್ಲಿ, ನಾನು ಒತ್ತುತೀನಿ" ಎಂದು ಎದ್ದ. ಅಕ್ಕ ಅವನ ತೋಳು ಹಿಡಿದು ಕೂರಿಸಿದಳು. "ನೀ ಕುಂತ್ಕಳಣ್ಣ. ಆವಯ್ಯನ ಕೆಲ್ಸ ಆವಯ್ಯ ಮಾಡ್ಲಿ."

"ಎಲ್ಲಾರೂ ಈ ಕಡೆ ನೋಡಿ!" ಎಂದು ಕೂಗಿದೆ. ಒಬ್ಬರೂ ನೋಡಲಿಲ್ಲ. ಆದಿ ನೆಲ ನೋಡುತ್ತಿದ್ದಳು. ಅಕ್ಕ ಆದಿಯನ್ನು.

ಊಟಕ್ಕೆ ಯಾರೋ ಎಲೆ ಹಾಕಿದರು, ಹೊರಗಡೆ ಬ್ಯಾಂಡಿನವರ ಪಂಕ್ತಿಯಲ್ಲಿ. ಪಾಯಸ ಚೆನ್ನಾಗಿತ್ತು.

28-6-1987, ಭಾನುವಾರ

ಸಂಘದ ನೋಟೀಸು ಬಂದಿದೆ. ಮುಂದಿನ ಸ್ಪರ್ಧೆಯ ವಿಷಯ 'ಕುಟುಂಬ'. ತೀರ್ಪುಗಾರರು ಮತ್ತೆ ಓಬುಳಪತಿ ಮೇಷ್ಟ್ರೇ. ಅವರ ಕಟ್ಟುನಿಟ್ಟು ಈ ಸಲ ನೋಟೀಸಿನಲ್ಲೇ ಅಚ್ಚಾಗಿದೆ: 'ಒಂದೇ ಕುಟುಂಬದವರೆಲ್ಲರೂ ಚೌಕಟ್ಟಿನೊಳಗೆ ಇರತಕ್ಕದ್ದು. ಒಬ್ಬರು ಹೊರಗುಳಿದರೂ ಚಿತ್ರವನ್ನು ಪರಿಗಣಿಸಲಾಗುವುದಿಲ್ಲ. ಕೂರಿಸಿ ನಟನೆ ಮಾಡಿಸಿದ ಚಿತ್ರಗಳು ಬೇಡ.'

ಬರಲಿ! ಯಾವ ಗಾಜು ಬೇಕಾದರೂ ಬರಲಿ! ಕಲ್ಯಾಣದುರ್ಗದ ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಒಬ್ಬರೂ ಕ್ಯಾಮರಾ ನೋಡಿಲ್ಲ, ಆದ್ದರಿಂದ ನಟನೆಯೆಂಬ ಮಾತೇ ಏಳುವುದಿಲ್ಲ. ಇನ್ನು ಉಳಿದ ನಿಯಮ. ಬೆರಳಿಟ್ಟು ಒಬ್ಬೊಬ್ಬರನ್ನೇ ನೋಡಿದೆ. ಅಕ್ಕ, ಆದಿ, ಅಳಿಯ, ಅವನ ಎರಡು ಮಕ್ಕಳು, ಕದಿರಣ್ಣ, ಅವನ ಹೆಂಡತಿ. ಇನ್ನೊಮ್ಮೆ ನೋಡಿದೆ, ಮೇಷ್ಟ್ರು ನೋಡುವ ಹಾಗೆ, ಅಂಚಿನಿಂದ ಅಂಚಿಗೆ.

ಎಲ್ಲರೂ ಇದ್ದಾರೆ. ಯಾರೂ ಬಿಟ್ಟುಹೋಗಿಲ್ಲ.